ಆನೆ ಬಾವಡಿಯ ಇಳಿಜಾರು

ಆನೆ ಬಾವಡಿಗೆ ಬೇಲಿ ಬಿದ್ದ ಸುದ್ದಿಯನ್ನು ರಾಚವ್ವನಿಗೆ ಯಾರೂ ಹೇಳಲಿಲ್ಲ. ಮಗ್ಗದಿಂದ ಇಳಿಸಿದ ಕಂಬಳಿಗಳ ಹೊರೆ ತಲೆಯ ಮೇಲಿಟ್ಟುಕೊಂಡು ಇಳಿಜಾರಿನ ಬಾಯಿಗೆ ಬಂದು ನಿಂತಾಗಲೇ ಅವಳು ಅದನ್ನು ಕಂಡದ್ದು. ಶ್ರಾವಣದ ಜಡಿಮಳೆ ಹಿಡಿದಿದ್ದರಿಂದ ಕೆಲವು ವಾರ ಈ ಕಡೆ ಬಂದಿರಲಿಲ್ಲ. ಅಷ್ಟರಲ್ಲಿ ಆ ಮೆಟ್ಟಿಲುಬಾವಿಯ ಸುತ್ತ ಎದೆಯೆತ್ತರದ ಕಬ್ಬಿಣದ ಸರಳುಗಳು ಎದ್ದು ನಿಂತಿದ್ದವು. ಹಸಿರು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ಒಂದು ಬಾಗಿಲು, ಅದಕ್ಕೊಂದು ಬೀಗ. ಬೀಗದ ಆಚೆ ಖಾಕಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು ಇಸಾಕ ಕೂತಿದ್ದ.

"ಇಸಾಕ, ಬಾಗಲಾ ತಗೀಪಾ. ಹೊರಿ ಭಾರ ಆಗೇತಿ."

"ತಗಿಯಾಕ ಬರಾಂಗಿಲ್ಲ ರಾಚವ್ವಕ್ಕ. ಇದು ಈಗ ಬಾಗ ಆಗೇತಿ, ಹೂವಿನ ತ್ವಾಟ."

"ಆಗವಲ್ದ್ಯಾಕ, ಯಾರು ಬ್ಯಾಡ ಅಂದ್ರು? ನಾ ನೀರಿಗಿ ಹೋಗ್ತೀನಿ."

ಇಸಾಕ ನೆಲ ನೋಡಿದ. "ನೀರಿಗಿ ಹೋಗಾಂಗಿಲ್ಲಕ್ಕ. ನೀರು ಬರೇ ನೋಡಾಕ ಐತಿ."

ನೀರು ನೋಡುವುದಕ್ಕೆ! ರಾಚವ್ವ ಹೊರೆ ಇಳಿಸಿ, ಸರಳು ಹಿಡಿದು ಒಮ್ಮೆ ಜೋರಾಗಿ ಅಲ್ಲಾಡಿಸಿದಳು. ಸರಳು ಅಲ್ಲಾಡಲಿಲ್ಲ, ಅಂಗೈಗೆ ಹಸಿರು ಬಣ್ಣ ಮೆತ್ತಿಕೊಂಡಿತು. ಐವತ್ತು ದಾಟಿದ ತನ್ನ ಆಯುಷ್ಯದಲ್ಲಿ ನೀರನ್ನು ಕುಡಿಯುವುದು, ಕುಡಿಸುವುದು, ತೊಳೆಯುವುದು, ಮೀಯುವುದು ಎಲ್ಲ ಕಂಡಿದ್ದಳು. ನೀರು ನೋಡುವ ಕೆಲಸವನ್ನು ಮಾತ್ರ ಯಾರೂ ಮಾಡಿದ್ದು ಕಂಡಿರಲಿಲ್ಲ.

ಇಸಾಕನ ಮೇಲೆ ಸಿಟ್ಟು ಮಾಡಿಯೂ ಪ್ರಯೋಜನವಿರಲಿಲ್ಲ. ಅವನು ಹುಟ್ಟು ಪಖಾಲಿ. ಕೋಣದ ಬೆನ್ನ ಮೇಲೆ ಚರ್ಮದ ಚೀಲ ಹೇರಿ, ಇದೇ ಇಳಿಜಾರಿನಲ್ಲಿ ನೀರು ತುಂಬಿ, ಮನೆಮನೆಗೆ ಹಾಕಿ ಬದುಕಿದವನು. ಬಾವಡಿ ಮುಚ್ಚಿದ ಮೇಲೆ ಕೋಣ ಮಾರಿದ. ಅಯ್ಯೋ ಪಾಪ ಎಂದು ಬೇಲಿ ಹಾಕಿಸಿದ ಸಮಿತಿಯವರು ಅವನಿಗೇ ಕಾವಲು ಕೆಲಸ ಕೊಟ್ಟಿದ್ದರು. ನೀರು ತುಂಬುತ್ತಿದ್ದವನನ್ನೇ ನೀರು ಕಾಯಲು ಕೂರಿಸಿದ ಜಾಣರು ಅವರು.

ವಿಜಾಪುರದಲ್ಲಿ ಬಾವಡಿಗಳಿಗೆ ಬರವಿಲ್ಲ. ಆದರೆ ಸಿದ್ಧೇಶ್ವರ ಗುಡಿಯ ಹಿಂದಿನ ಹಳೆಯ ಓಣಿಗಳ ತುದಿಯಲ್ಲಿದ್ದ ಆನೆ ಬಾವಡಿಯಂಥದು ಇನ್ನೊಂದಿರಲಿಲ್ಲ. ಮೂರು ಕಡೆ ಕಡಿದಾದ ಕಲ್ಲಿನ ಮೆಟ್ಟಿಲು. ನಾಲ್ಕನೆಯ ಕಡೆ ಮಾತ್ರ ಉದ್ದಕ್ಕೆ ಹಾಸುಗಲ್ಲಿನ ಇಳಿಜಾರು, ನೀರಿನೊಳಗೇ ಇಳಿದು ಹೋಗುವಂಥದು. ಬಾದಶಹನ ಆನೆಗಳು ಅಲ್ಲಿಂದ ನೀರಿಗೆ ಇಳಿಯುತ್ತಿದ್ದವಂತೆ. ಬಾದಶಹನೂ ಹೋದ, ಆನೆಗಳೂ ಹೋದವು, ಇಳಿಜಾರು ಉಳಿಯಿತು. ಆಮೇಲೆ ಅಲ್ಲಿ ಸಂತೆಗೆ ಬಂದ ಕುರಿಗಳು ಇಳಿದವು, ಪಖಾಲಿಗಳ ಕೋಣಗಳು ಇಳಿದವು. ಕಾಖಂಡಕಿಯಿಂದ ಮಗ್ಗ ಹೊತ್ತು ಬಂದು ಪಕ್ಕದ ಓಣಿಯಲ್ಲಿ ನೆಲೆಯೂರಿದ ಕುರುಬರ ನಾಲ್ಕಾರು ಮನೆಗಳ ಹೆಂಗಸರೂ ಇಳಿದರು. ರಾಚವ್ವನ ಗಂಡ ಅಮಸಿದ್ದನ ಅಜ್ಜ ಬಂದದ್ದು ಆಗ.

ಕಂಬಳಿ ಮಗ್ಗದಿಂದ ಇಳಿದ ಕೂಡಲೇ ಕಂಬಳಿಯಾಗುವುದಿಲ್ಲ. ಎಳೆ ಹರಿಯದಿರಲೆಂದು ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿರುತ್ತಾರೆ, ಜೊತೆಗೆ ಕುರಿಯ ಮೈಯ ಜಿಡ್ಡು ಬೇರೆ. ಹಲಗೆಯಂತೆ ಸೆಟೆದು ನಿಲ್ಲುವ ಅದನ್ನು ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಹಾಕಿ, ಮೇಲಿಂದ ಮೇಲೆ ನೀರು ಹೊಯ್ಯುತ್ತ ಹಿಮ್ಮಡಿಯಿಂದ ತುಳಿಯಬೇಕು. ಗಂಜಿ ಬಿಟ್ಟುಹೋಗಿ, ಉಣ್ಣೆ ಒಂದನ್ನೊಂದು ಅಪ್ಪಿಕೊಂಡು, ಕೂಸಿಗೆ ಹೊದಿಸಬಹುದಾದಷ್ಟು ಮೆತ್ತಗಾಗುವ ತನಕ ತುಳಿಯಬೇಕು. ಇದಕ್ಕೆ ಮನೆಯ ಕೊಡದ ನೀರು ಸಾಲದು. ಓಣಿಯ ನಳದಲ್ಲಿ ಬರುವ ನೀರು ಕುಡಿಯಲಿಕ್ಕೇ ಸಾಲುತ್ತಿರಲಿಲ್ಲ. ಇಳಿಜಾರಿನ ಬುಡದಲ್ಲಿ ಒಂದು ಅಗಲವಾದ ಕರಿಕಲ್ಲಿತ್ತು. ರಾಚವ್ವನ ಅತ್ತೆ ಹುಚ್ಚವ್ವ ಅದರ ಮೇಲೆ ಇಡೀ ಜನ್ಮ ತುಳಿದಿದ್ದಳು, ಅವಳ ಅತ್ತೆಯೂ ತುಳಿದಿದ್ದಳು. ಕಲ್ಲಿನ ನಡುವೆ ತಟ್ಟೆಯ ಹಾಗೆ ಗುಳಿ ಬಿದ್ದಿತ್ತು. ರಾಚವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈ ಹಿಡಿದು ಆ ಗುಳಿಯಲ್ಲಿ ನಿಲ್ಲಿಸಿ, "ಇಲ್ಲಿ ನಿಂದರು, ಜಾರೂದಿಲ್ಲ" ಎಂದಿದ್ದಳು. ಆ ಮನೆಯಲ್ಲಿ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ರೀತಿ ಅದು.

ಈಗ ಬೇಲಿ ಹಾಕಿಸಿದ ಪುಣ್ಯಾತ್ಮರ ವಿಷಯ. ಬಟ್ಟೆ ವ್ಯಾಪಾರಿ ಬಸಲಿಂಗಯ್ಯನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯಲಿಕ್ಕೆ ಸಲೀಸಾಗುತ್ತಿತ್ತು. ಹಣೆ ತುಂಬ ವಿಭೂತಿ, ಗಂಜಿ ಹಾಕಿದ ಧೋತರ, ಮಾತಿಗೊಮ್ಮೆ "ತಂಗಿ" ಎನ್ನುವ ನಾಲಿಗೆ. ಯಾವುದೋ ದೊಡ್ಡ ಊರಿಗೆ ಹೋದಾಗ ಕೆರೆಯ ದಂಡೆಯ ಮೇಲೆ ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಂಜೆ ಅಡ್ಡಾಡುವುದನ್ನು ನೋಡಿ ಬಂದಿದ್ದರು. ನಮ್ಮ ಊರಲ್ಲೂ ಹೀಗೇಕಾಗಬಾರದು ಎಂದು ಅವರಿಗೆ ಅನ್ನಿಸಿತು. ನಾಲ್ಕು ಮಂದಿ ಗೆಳೆಯರನ್ನು ಸೇರಿಸಿ ಆನೆ ಬಾವಡಿ ಸುಧಾರಣಾ ಸಮಿತಿ ಎಂದು ಒಂದನ್ನು ಕಟ್ಟಿದರು, ಅಧ್ಯಕ್ಷರಾದರು.

ಸಾವಿರದ ಒಂಬೈನೂರ ಐವತ್ತೊಂಬತ್ತರ ಬೇಸಗೆಯಲ್ಲಿ ಬಾವಡಿ ಬತ್ತಿ ತಳ ಕಂಡಾಗ ಅವರು ಕುರುಬರ ಓಣಿಗೆ ಬಂದರು. ಆಗೆಲ್ಲ ಶ್ರಮದಾನದ ಗಾಳಿ. ಎಲ್ಲಿ ನೋಡಿದರೂ ಬುಟ್ಟಿ, ಸಲಿಕೆ, ಬಿಳಿ ಟೋಪಿ. ಬಸಲಿಂಗಯ್ಯನವರು ರಾಚವ್ವನ ಮನೆಯ ಕಟ್ಟೆಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, "ರಾಚವ್ವ, ನಿಮ್ಮ ಮಂದಿ ಕೈ ಹಚ್ಚಿದ್ರ ಬಾವಡಿ ಹೂಳು ಎದ್ದಂಗ ತಿಳಿ. ಎಲ್ಲಾರೂ ಕೂಡಿ ಬಾವಡಿ ಚಂದ ಮಾಡೂಣು" ಎಂದರು.

ರಾಚವ್ವ ಎರಡನೆಯ ಮಾತಾಡಲಿಲ್ಲ. ಜೈನಾಪುರದಲ್ಲಿದ್ದ ಅಣ್ಣ ಬೀರಣ್ಣನಿಗೆ ಹೇಳಿಕಳಿಸಿದಳು. ಅವನು ಕುರಿ ಹಟ್ಟಿಯನ್ನು ಮಕ್ಕಳಿಗೆ ಒಪ್ಪಿಸಿ, ಗಂಡಸರು ಹೆಂಗಸರೆನ್ನದೆ ಒಂದು ಹಿಂಡನ್ನೇ ಕರೆತಂದ. ಓಣಿಯ ಅಷ್ಟೂ ಮನೆಗಳಿಂದ ಮನೆಗೊಬ್ಬರು ಬಂದರು. ಬಿಸಿಲು ನೆತ್ತಿ ಸುಡುತ್ತಿತ್ತು. ಬಾದಶಾಹಿ ಕಾಲದಿಂದ ಕೂತಿದ್ದ ಕರಿ ಹೂಳು, ಹೆಣದ ನಾತ. ಬುಟ್ಟಿಯಿಂದ ಸೋರಿದ ಕೆಸರು ಹಣೆಯಿಂದ ಇಳಿದು ಬಾಯಿಗೆ ಬರುತ್ತಿತ್ತು. ಬಿಳಿ ಟೋಪಿಯವರು ಮೊದಲ ದಿನ ಒಂದೊಂದು ಬುಟ್ಟಿ ಹೊತ್ತು ಪಟ ತೆಗೆಸಿಕೊಂಡು ಹೋದರು. ಉಳಿದ ಹೂಳನ್ನೆಲ್ಲ ಹೊತ್ತವರು ಪಟದಲ್ಲಿ ಇರಲಿಲ್ಲ.

ಅವರ ಕಡೆ ಒಂದು ರೂಢಿ ಇತ್ತು. ಕಾಖಂಡಕಿಯಲ್ಲಿ, ಜೈನಾಪುರದಲ್ಲಿ, ಸುತ್ತಿನ ಹಳ್ಳಿಗಳಲ್ಲೆಲ್ಲ, ಬಾವಿಯ ಹೂಳೆತ್ತಿದ ಮೇಲೆ ಹೊಸ ನೀರು ಒಸರಿದಾಗ ಹೂಳು ಹೊತ್ತವರಲ್ಲಿ ಹಿರಿಯಳಾದ ಹೆಂಗಸು ಮೊದಲ ಕೊಡ ತುಂಬುತ್ತಾಳೆ. ಆ ಕೊಡ ತುಂಬಿತೆಂದರೆ ಹೂಳು ಹೊತ್ತ ಮನೆಗಳಿಗೆಲ್ಲ ಆ ನೀರು ತಲತಲಾಂತರಕ್ಕೂ ಹಕ್ಕಾಯಿತು ಎಂದೇ ಲೆಕ್ಕ. ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ, ಬಾಯಿ ಬಿಟ್ಟು ಹೇಳುವುದೇ ಅವಮಾನ. ಆನೆ ಬಾವಡಿಯ ತಳದಲ್ಲಿ ನೀರು ಜಿನುಗಿದ ದಿನ ರಾಚವ್ವ ಕೊಡ ತುಂಬಿದಳು. ಬಸಲಿಂಗಯ್ಯನವರು ಮೇಲೆ ನಿಂತು ನಗುತ್ತ ಚಪ್ಪಾಳೆ ತಟ್ಟಿದರು, ಎಲ್ಲರಿಗೂ ಜಿಲೇಬಿ ಹಂಚಿಸಿದರು. ಅಲ್ಲಿಗೆ ಮಾತು ಮುಗಿಯಿತು ಎಂದು ರಾಚವ್ವ ತಿಳಿದಳು. ಬಾಯಾರಿದ ಹೆಣ್ಣುಮಗಳೊಬ್ಬಳು ನೀರು ತುಂಬಿಕೊಂಡಳು ಎಂದು ಬಸಲಿಂಗಯ್ಯನವರು ತಿಳಿದರು.

ಬೇಲಿ ಕಂಡ ದಿನ ರಾಚವ್ವ ಹೊರೆಯನ್ನು ಅಲ್ಲಿಯೇ ಬಿಟ್ಟು, ಹಸಿರು ಕೈಯಲ್ಲೇ ಬಸಲಿಂಗಯ್ಯನವರ ಅಂಗಡಿಯ ಮೆಟ್ಟಿಲು ಹತ್ತಿದಳು.

"ಬಾ ತಂಗಿ, ಕೂಡು. ಚಾ ಕುಡೀತಿಯೇನು?"

"ಚಾ ಬ್ಯಾಡ್ರಿ. ಬಾವಡಿಗಿ ಬೀಗ ಯಾಕ ಹಾಕೀರಿ?"

"ಬೀಗ ಎಲ್ಲಾ ಕಡೆ ಇಲ್ಲವ್ವಾ. ದೊಡ್ಡ ಬಾಗಲಾ ಸಂಜೀಕ ತಗದಿರತೈತಿ. ಇಳಿಜಾರಿನ ಎರಡೂ ಮಗ್ಗಲಾ ಹುಲ್ಲು ಬೆಳಸಾಕತ್ತೇವಿ, ಗುಲಾಬಿ ಹಚ್ಚಾಕತ್ತೇವಿ. ಅಲ್ಲಿ ದನಾ ಕುರಿ ಬಂದ್ರ, ಕಂಬಳಿ ತುಳುದ್ರ ಹೆಂಗ? ಸಾರ್ವಜನಿಕರು ಬರ್ತಾರ, ವಾಸನಿ ಬಡೀತದ."

"ಹೂಳಿಂದು ವಾಸನಿ ಬಡೀಲಿಲ್ಲೇನ್ರಿ ಅವರಿಗಿ?"

ಬಸಲಿಂಗಯ್ಯನವರು ನಕ್ಕರು. "ಸಿಟ್ಟಾಗಬ್ಯಾಡ. ನೀವು ಮಾಡಿದ ಸೇವಾ ನಾ ಮರತಿಲ್ಲ. ಆದ್ರ ನೋಡು, ಇಳಿಜಾರು ನಿಮಗ ಬಿಡ್ತೀವಿ ಅಂತ ನಾ ಮಾತು ಕೊಟ್ಟಿದ್ನೇನು?"

ಹೌದು, ಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ. ಕೇಳಬೇಕು ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ತನ್ನ ಮಾತಿಗೆ ಓಗೊಟ್ಟು ಜೈನಾಪುರದಿಂದ ನಡೆದು ಬಂದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಅವರಿಗೆ ಏನೆಂದು ಹೇಳುವುದು? ನಾಚಿಕೆ ಮತ್ತು ಸಿಟ್ಟು ಒಟ್ಟೊಟ್ಟಿಗೆ ಉಕ್ಕಿದವು.

"ಇಲ್ರಿ, ನೀವು ಮಾತು ಕೊಟ್ಟಿದ್ದಿಲ್ಲ" ಎಂದಳು. "ಕೆಸರ ಹೊತ್ತಾಂವ ನೀರ ಕೊಡ್ತೀರೇನು ಅಂತ ಕೇಳಿ ಹೊರಬೇಕಂತ ನಮಗ ಗೊತ್ತಿದ್ದಿಲ್ರಿ. ನಮ್ಮ ಕಡೆ ಯಾರೂ ಹಂಗ ಕೇಳಾಂಗಿಲ್ಲ. ಹಂಗ ಕೇಳಸೂ ಅಂಥಾ ಮಂದೀನೂ ಇಲ್ಲ."

ಅಂಗಡಿಯ ಬಿಳಿ ಗಾದಿಯ ಅಂಚಿಗೆ ಅವಳ ಹಸಿರು ಅಂಗೈ ಒತ್ತಿತ್ತು. ಅವಳು ಹೋದ ಮೇಲೆ ಗುಮಾಸ್ತ ಅದನ್ನು ಸೀಮೆಎಣ್ಣೆಯಿಂದ ತಿಕ್ಕಿದ. ಕಲೆ ಪೂರ್ತಿ ಹೋಗಲಿಲ್ಲ.

ಆಮೇಲಿನ ತಿಂಗಳುಗಳು ಕೆಟ್ಟವು. ಊರ ಹೊರಗೆ ಒಂದು ಹಳೆಯ ಕಲ್ಲುಗಣಿಯ ಹೊಂಡವಿತ್ತು. ಹೆಂಗಸರು ಅಲ್ಲಿಯ ತನಕ ಹೊರೆ ಹೊತ್ತು ಹೋಗಬೇಕಾಯಿತು. ಹೊಂಡದ ನೀರಿನ ತುಂಬ ಗರಸು ಮಣ್ಣು. ಅದರಲ್ಲಿ ತುಳಿದ ಕಂಬಳಿ ಒಣಗಿದ ಮೇಲೆ ಕೊಡವಿದರೆ ಮಣ್ಣು ಉದುರುತ್ತಿತ್ತು, ಹೊದ್ದರೆ ಮೈ ಕೆರೆಯುತ್ತಿತ್ತು. ಸಂತೆಯಲ್ಲಿ ಅಮಸಿದ್ದನ ಕಂಬಳಿ ಎಂದರೆ ಕಣ್ಣುಮುಚ್ಚಿ ಕೊಳ್ಳುತ್ತಿದ್ದವರು ಈಗ ಮುಟ್ಟಿ ನೋಡಿ ಮೂಗು ಮುರಿದು ಹೋದರು. ಅಮಸಿದ್ದ ಮಾತು ಕಡಿಮೆಯ ಮನುಷ್ಯ, ಮೊಣಕಾಲು ಹಿಡಿದುಕೊಂಡಿದ್ದವು. ಒಂದು ದಿನ ಮಗ್ಗದ ಕುಣಿಯಿಂದ ಎದ್ದು ಬಂದು ಕಂಬಕ್ಕೆ ಒರಗಿದ.

"ಯುಗಾದಿ ತನಕ ನೋಡೂಣು. ಆಗಲಿಲ್ಲಾಂದ್ರ ಮಗ್ಗಾ ಕಿತ್ತಬಿಡೂಣು. ಜೈನಾಪುರಕ್ಕ ಹೋದ್ರ ನಿಮ್ಮಣ್ಣ ಕುರಿ ಹಿಂದರೆ ಹಚ್ಚತಾನ."

"ಈ ಮೊಣಕಾಲ ತಗೊಂಡು ಕುರಿ ಹಿಂದ ಓಡ್ತೀ?"

ಅಮಸಿದ್ದ ಮೊಣಕಾಲು ನೀವಿಕೊಳ್ಳುತ್ತ ಮಗ್ಗದ ಕುಣಿಗೆ ಮರಳಿದ. ಅಣ್ಣನ ಮನೆಯ ಮೂಲೆಯಲ್ಲಿ, ಅತ್ತಿಗೆಯ ಕೈ ನೋಡುತ್ತ ಕೂರುವ ದಿನಗಳು ರಾಚವ್ವನ ಕಣ್ಣಿಗೆ ಕಟ್ಟಿದವು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಬಾಗದ ಕೆಲಸ ಮುಗಿಯುವ ಹೊತ್ತಿಗೆ ಸಮಿತಿಯವರು ಇಳಿಜಾರಿನ ಬುಡದ ಕರಿಕಲ್ಲನ್ನು ಕೀಳಿಸಿದರು. ಮೇಲಕ್ಕೆ ಎಳೆಸಿ, ಬೇವಿನ ಮರದ ಕೆಳಗೆ ಎರಡು ಗಿಡ್ಡ ಕಂಬಗಳ ಮೇಲೆ ಕೂರಿಸಿ, ಆಸನ ಮಾಡಿಸಿದರು. ಗುಳಿ ಬಿದ್ದ ಜಾಗದಲ್ಲಿ ಕೂತರೆ ಬಹಳ ಸುಖವಾಗುತ್ತಿತ್ತಂತೆ. ಒಬ್ಬರು ಕೂತು ನೋಡಿ, ಇದು ಕಾರಣವಿಲ್ಲದೆ ಕೊರೆದದ್ದಲ್ಲ, ಬಾದಶಹ ಸಂಜೆ ಕೂರುತ್ತಿದ್ದ ಕಲ್ಲೇ ಇರಬೇಕು ಎಂದರು. ಮರುದಿನ ಇನ್ನೊಬ್ಬರು ಅದನ್ನೇ ಖಚಿತವಾಗಿ ಹೇಳಿದರು. ವಾರದೊಳಗೆ ಊರಿಗೆಲ್ಲ ಅದು ಬಾದಶಹನ ಆಸನವಾಯಿತು. ಇಸಾಕನ ಬಾಯಿಂದ ಈ ಮಾತು ಕೇಳಿದಾಗ ರಾಚವ್ವ ಬೇಲಿಯ ಹೊರಗೆ ನಿಂತು, ಹುಚ್ಚವ್ವನ ಹಿಮ್ಮಡಿಗಳಲ್ಲಿ ಮಳೆಗಾಲಕ್ಕೆ ಬಿರಿಯುತ್ತಿದ್ದ ಸೀಳುಗಳನ್ನು ನೆನೆದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಿಟ್ಟಿಗೆ ಬಂದ ಅಳು ಅದು.

ಮಾಘದ ಕೊನೆಗೆ ಬಸಲಿಂಗಯ್ಯನವರೇ ಮತ್ತೆ ಓಣಿಗೆ ಬಂದರು. ಬಾಗದ ಉದ್ಘಾಟನೆಗೆ ಬೆಂಗಳೂರಿನಿಂದ ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು. ಈ ಕಡೆ ದೊಡ್ಡವರಿಗೆ ಮರ್ಯಾದೆ ಮಾಡುವುದೆಂದರೆ ಕರಿಕಂಬಳಿ ಹೊದಿಸಬೇಕು.

"ನಿಮ್ಮ ಮನಿ ಕಂಬಳಿನೇ ಆಗಬೇಕು ನೋಡವ್ವಾ. ಖರೇ ಕರಿ ಉಣ್ಣಿ, ಕೆಂಪು ಅಂಚು."

ಎಂಥ ಮುಖ ಹೊತ್ತು ಬಂದು ಕೇಳುತ್ತಾನೆ ಈ ಮನುಷ್ಯ ಎಂದು ರಾಚವ್ವ ನೋಡಿಯೇ ನೋಡಿದಳು. ಆ ಮುಖದಲ್ಲಿ ಕಪಟವಿರಲಿಲ್ಲ. ತಾನು ಏನೋ ತಪ್ಪು ಮಾಡಿದ್ದೇನೆ ಎಂಬ ಗುಮಾನಿಯೂ ಅದರಲ್ಲಿರಲಿಲ್ಲ. ಅದನ್ನು ಕಂಡೇ ಅವಳ ಸಿಟ್ಟು ಇನ್ನೂ ಹೆಚ್ಚಿತು.

ಅಮಸಿದ್ದ ಒಪ್ಪಿಕೊಂಡ. ಮನೆಯಲ್ಲಿ ಹಿಟ್ಟು ತಳ ಕಂಡಿತ್ತು. ಬೀರಣ್ಣ ಕುರಿಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಕಳಿಸಿದ, ಬಣ್ಣ ಕಾಣದ ಹುಟ್ಟುಗಪ್ಪು. ಅಮಸಿದ್ದ ಮೊಣಕಾಲಿನ ನೋವು ಮರೆತು ನೇಯ್ದ. ಅಂಥ ಕಂಬಳಿ ಅವನ ಕೈಯಿಂದ ಹಿಂದೆಂದೂ ಇಳಿದಿರಲಿಲ್ಲ. ರಾಚವ್ವ ಅದರ ಮೇಲೆ ಕೈಯಾಡಿಸಿದಳು. ಇದನ್ನು ಆ ಗರಸಿನ ಹೊಂಡದಲ್ಲಿ ಅದ್ದುವುದು ತನ್ನಿಂದಾಗುವುದಿಲ್ಲ ಎಂದು ಗಂಡನಿಗೆ ಕಡ್ಡಿ ತುಂಡು ಮಾಡಿದಂತೆ ಹೇಳಿದಳು.

ಕಂಬಳಿ ಒಯ್ಯಲು ಬಸಲಿಂಗಯ್ಯನವರು ಬಂದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ.

"ಇದು ತುಳಿದದ್ದಲ್ರಿ. ಇದರಾಗಿನ ಗಂಜಿ ಹಂಗ ಐತಿ. ಹಿಂಗ ಯಾರಿಗೂ ಹೊಚ್ಚಬ್ಯಾಡ್ರಿ."

ಬಸಲಿಂಗಯ್ಯನವರು ಬಟ್ಟೆಯ ವ್ಯಾಪಾರಿ. ಬೆರಳಿನಿಂದ ಉಜ್ಜಿ ನೋಡಿದರು. ಸೆಟೆದು ನಿಂತಿತ್ತು, ಮಿರಿಮಿರಿ ಮಿಂಚುತ್ತಿತ್ತು. "ಗಂಜಿ ಇದ್ದದ್ದ ಚಲೋ ಆತು ತಂಗಿ! ಈಗರೆ ಇಸ್ತ್ರಿ ಹೊಡದಂಗ ಐತಿ. ನನ್ನ ಧೋತರಕ್ಕ ನಾ ರೊಕ್ಕಾ ಕೊಟ್ಟು ಗಂಜಿ ಹಾಕಸ್ತೀನಿ."

"ಇದು ಧೋತರಲ್ರಿ. ಇದಕ್ಕ ನೀರು ಬೇಕು. ಇಳಿಜಾರಿನ ಬಾಗಲಾ ಒಂದು ದಿನ ತಗಿಸ್ರಿ, ತುಳಿದು ಕೊಡ್ತೀನಿ."

ಮತ್ತೆ ಅದೇ ಹಳೆಯ ರಾಗ ಎಂದುಕೊಂಡ ಬಸಲಿಂಗಯ್ಯನವರು ನಗುತ್ತ ಕಂಬಳಿ ಮಡಚಿಸಿಕೊಂಡರು. ಅವಳು ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

ಉದ್ಘಾಟನೆಯ ದಿನ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಯುಗಾದಿ ಹತ್ತಿರ ಬಂದಿತ್ತು. ಮನೆಯಲ್ಲಿ ಅಮಸಿದ್ದ ಮಗ್ಗದ ಗೂಟಗಳ ಬುಡ ಸಡಿಲಿಸುತ್ತಿದ್ದ. ಅದನ್ನು ನೋಡಲಾಗದೆ ರಾಚವ್ವ ಉಳಿದ ಕಂಬಳಿಗಳ ಹೊರೆ ಹೊತ್ತು, ಹೊಂಡಕ್ಕೆಂದು ಓಣಿಯ ಹೆಂಗಸರ ಜೊತೆ ಹೊರಟಳು. ದಾರಿ ಬಾವಡಿಯ ಮಗ್ಗುಲಿಗೇ ಇತ್ತು. ಬೇಲಿಯ ಹೊರಗೆ ಜನ ಕಿಕ್ಕಿರಿದಿದ್ದರು. ಅವಳೂ ನಿಂತಳು.

ಒಳಗೆ ಗುಲಾಬಿ ಅರಳಿತ್ತು, ಹುಲ್ಲು ಹಸಿರಾಗಿತ್ತು, ನೀರು ತುಂಬಿ ತಿಳಿಯಾಗಿತ್ತು. ಚಂದವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ತಾವು ಹೂಳು ಹೊತ್ತ ಬಾವಡಿ ಇಷ್ಟು ಚಂದ ಕಾಣುವುದನ್ನು ನೋಡಿ ರಾಚವ್ವನ ಎದೆ ಒಂದು ಕ್ಷಣ ಹಿಗ್ಗಿತು, ಮರುಕ್ಷಣ ಉರಿಯಿತು. ಕುರ್ಚಿಗಳ ಮೇಲೆ ಊರ ದೊಡ್ಡ ಮನೆಗಳ ಜನ. ಬೇವಿನ ನೆರಳು ಆಗಲೇ ಸರಿದುಹೋಗಿ, ಬಿಸಿಲಿಗೆ ಕಾಯುತ್ತಿದ್ದ ಕರಿಕಲ್ಲಿನ ಮೇಲೆ ದಿಂಬು ಹಾಕಿ ಸಾಹೇಬರನ್ನು ಕೂರಿಸಿದ್ದರು. ಸಾಹೇಬರು ಸ್ಥೂಲ ಶರೀರದವರು, ನಗುಮುಖದವರು.

"ತಾವು ಕೂತದ್ದು ಬಾದಶಹನ ಆಸನ" ಎಂದು ಬಸಲಿಂಗಯ್ಯನವರು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಕರಿಕಂಬಳಿ ಬಿಚ್ಚಿ ಸಾಹೇಬರಿಗೆ ಕೊರಳ ತನಕ ಹೊದಿಸಿದರು. ಜನ ಮತ್ತೆ ಚಪ್ಪಾಳೆ ತಟ್ಟಿದರು. ಬಸಲಿಂಗಯ್ಯನವರು ಭಾಷಣಕ್ಕೆ ನಿಂತರು.

ಭಾಷಣ ಉದ್ದವಿತ್ತು. ಈ ಬಾಗ ಬಡವರದು, ಬಲ್ಲಿದರದು, ಎಲ್ಲರದು ಎಂದು ಅವರು ಹೇಳುತ್ತಿದ್ದಾಗ ಸಾಹೇಬರು ಕತ್ತು ಆ ಕಡೆ ಈ ಕಡೆ ತಿರುಗಿಸತೊಡಗಿದರು. ಶ್ರಮದಾನದ ಮಹಿಮೆಯ ಹತ್ತಿರ ಬರುವ ಹೊತ್ತಿಗೆ ಬೆವರು ಇಳಿದು ಕಂಬಳಿಗೆ ಸೇರಿತ್ತು. ಹುಣಸೆಬೀಜದ ಗಂಜಿಗೆ ಬೆವರು ತಾಗಿದರೆ ಏನಾಗುತ್ತದೆ ಎಂಬುದು ಓಣಿಯ ಹೆಂಗಸರಿಗೆಲ್ಲ ಗೊತ್ತು. ಅದು ಅಂಟಾಗುತ್ತದೆ, ಜಿಡ್ಡು ಕರಗಿ ಕುರಿಹಟ್ಟಿಯ ನಾತ ಏಳುತ್ತದೆ. ನೊಣಗಳು ಬಂದವು. ಸಾಹೇಬರ ಬಿಳಿ ಅಂಗಿಯ ಕಾಲರು ಕಂಬಳಿಗೆ ಕಚ್ಚಿಕೊಂಡಿತು. ಮರ್ಯಾದೆಗೆ ಹೊದಿಸಿದ್ದನ್ನು ತೆಗೆದುಹಾಕುವುದು ಹೇಗೆ? ಪಾಪ, ಅವರು ನಗುನಗುತ್ತಲೇ ಕೆರೆದುಕೊಂಡರು. ಬೇಲಿಯ ಹೊರಗೆ ಯಾರೋ ಕಿಸಕ್ಕೆಂದರು. ರಾಚವ್ವ ನಗಲಿಲ್ಲ. ಗಂಡ ಜೀವ ಇಟ್ಟು ನೇಯ್ದ ಕಂಬಳಿಗೆ ನೊಣ ಮುತ್ತುವುದನ್ನು ನೋಡಿ ಅವಳು ಹಲ್ಲು ಕಚ್ಚಿದಳು.

ಕೊನೆಗೆ ಸಾಹೇಬರು ಎದ್ದೇ ಬಿಟ್ಟರು. "ಕ್ಷಮಿಸಿ, ಸ್ವಲ್ಪ ನೀರು ಬೇಕಿತ್ತು."

ಯಾರೋ ಶರಬತ್ತಿನ ಲೋಟ ಹಿಡಿದು ಓಡಿಬಂದರು.

"ಕುಡಿಯೋಕಲ್ಲ ಸ್ವಾಮಿ! ಕತ್ತು ತೊಳೀಬೇಕು!"

ಎದುರಿಗೇ ಬಾವಡಿ ತುಂಬ ನೀರು. ಸಾಹೇಬರು ಮೆಟ್ಟಿಲಿನ ಕಡೆ ನಡೆದರು. ಕಡಿದಾದ ಮೆಟ್ಟಿಲು, ಮೇಲೆ ಪಾಚಿ. ಒಂದು ಹೆಜ್ಜೆಗೇ ಕಾಲು ಜಾರಿತು. ಬಸಲಿಂಗಯ್ಯನವರು ಗಾಬರಿಯಾಗಿ ಕೂಗಿದರು. "ಅಲ್ಲಿ ಬ್ಯಾಡ್ರಿ ಸಾಹೇಬ್ರ! ಇಸಾಕ, ಲೇ ಇಸಾಕ! ಇಳಿಜಾರಿನ ಬಾಗಲಾ ತಗೀ! ಲಗೂ ತಗೀ!"

ಇಸಾಕ ಬೀಗ ತೆಗೆದ. ಸಾಹೇಬರು ಗುಲಾಬಿ ಗಿಡಗಳ ನಡುವೆ ಹಾಸುಗಲ್ಲಿನ ಮೇಲೆ ಸರಸರ ಇಳಿದು, ಚಪ್ಪಲಿ ಬಿಟ್ಟು, ಪ್ಯಾಂಟು ಮೇಲೆತ್ತಿ, ಮೊಣಕಾಲು ಮಟ್ಟ ನೀರಿನಲ್ಲಿ ನಿಂತರು. ಕಂಬಳಿ ಕಿತ್ತು ಕಲ್ಲಿನ ಮೇಲೆ ಹಾಕಿ, ಬೊಗಸೆ ಬೊಗಸೆ ನೀರನ್ನು ಕತ್ತಿಗೆ ಹುಯ್ದುಕೊಂಡರು. ಅವರ ಬೆನ್ನ ಹಿಂದೆಯೇ ಸಮಿತಿಯ ಹಲಗೆ ಇತ್ತು. ನೀರಿನಲ್ಲಿ ಕೈಕಾಲು ತೊಳೆಯಬಾರದು, ಬಟ್ಟೆ ಒಗೆಯಬಾರದು ಎಂದು ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಬಾಗಿಲು ತೆರೆದೇ ಇತ್ತು. ರಾಚವ್ವ ಹೊರೆಯ ಸಮೇತ ಒಳಗೆ ಕಾಲಿಟ್ಟಳು. ಅವಳ ಹಿಂದೆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಇಳಿಜಾರಿನ ಹಾಸುಗಲ್ಲು ಅವಳ ಅಂಗಾಲಿಗೆ ತಾಗಿತು. ಎಷ್ಟೋ ತಿಂಗಳ ಮೇಲೆ ತಾಗಿದ ಆ ಕಲ್ಲಿನ ಒರಟಿನ ಮೇಲೆ ಅವಳು ಹೆಜ್ಜೆ ಊರಿ ಕೆಳಗಿಳಿದಳು.

"ಏ, ಅಕಿನ್ನ ಯಾರು ಒಳಗ ಬಿಟ್ರು?" ಬಸಲಿಂಗಯ್ಯನವರು ಮೇಲಿನಿಂದ ಕಿರುಚಿದರು. "ಇಸಾಕ! ಸೀಟಿ ಊದು! ನೀರಿಗಿ ಇಳದಾರು, ಸೀಟಿ ಊದು!"

ಇಸಾಕ ಸೀಟಿಯನ್ನು ಬಾಯಿಯ ತನಕ ತಂದ. ನೀರಿನಲ್ಲಿ ನಿಂತ ಸಾಹೇಬರನ್ನು ನೋಡಿದ, ನೀರಿನ ಅಂಚಿಗೆ ಬಂದ ರಾಚವ್ವನನ್ನು ನೋಡಿದ.

"ಯಾರ ಮ್ಯಾಲೆ ಮೊದಲ ಊದಲ್ರಿ ಸಾವಕಾರ್ರ?"

ಬೇಲಿಯ ಹೊರಗಿನ ಜನ ಹೋ ಎಂದು ನಕ್ಕರು. ಕುರ್ಚಿಗಳ ಮೇಲಿನವರೂ ಕೆಲವರು ನಕ್ಕರು. ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಕತ್ತು ತಣ್ಣಗಾಗಿ ಅವರಿಗೆ ಹೋದ ಜೀವ ಬಂದಿತ್ತು. ಹೊರೆ ಹೊತ್ತ ಹೆಂಗಸರನ್ನು ಕಂಡು ಅವರು ಕಂಬಳಿ ಎತ್ತಿ ರಾಚವ್ವನ ಕಡೆ ಚಾಚಿದರು.

"ನೋಡಮ್ಮ, ಇದನ್ನೂ ಸ್ವಲ್ಪ ತೊಳೆದುಕೊಡ್ತೀಯಾ? ಕಂಬಳಿ ಚೆನ್ನಾಗಿದೆ, ಈ ಅಂಟಿನದೇ ಕಾಟ."

ರಾಚವ್ವ ಕಂಬಳಿ ತೆಗೆದುಕೊಂಡಳು. ಮೇಲೆ ನಿಂತ ಬಸಲಿಂಗಯ್ಯನವರ ಕಡೆ ತಿರುಗಿ, ಬೇಲಿಯ ಆಚೆಗೂ ಕೇಳುವಂತೆ ಹೇಳಿದಳು. "ತೊಳೀತೀನ್ರಿ ಸಾಹೇಬ್ರ. ಈ ನೀರಿನ ಹೂಳು ನಾ ತಲಿಮ್ಯಾಲೆ ಹೊತ್ತೀನಿ. ಇವತ್ತೂ ತೊಳೀತೀನಿ, ನಾಳೀನೂ ಬಂದು ತೊಳೀತೀನಿ. ನಮ್ಮ ಸಾವಕಾರ್ರು ನಿಮ್ಮ ಮುಂದ ಬ್ಯಾಡ ಅನ್ನಲಿ, ಕೇಳತೀನಿ."

"ಯಾರಮ್ಮ ಬೇಡ ಅಂತಾರೆ? ಈಗ ತಾನೇ ಎಲ್ಲರದು ಅಂದರಲ್ಲ ಅವರು" ಎಂದರು ಸಾಹೇಬರು.

ಬಸಲಿಂಗಯ್ಯನವರು ಬಾಯಿ ತೆರೆದರು. ಅಷ್ಟು ಜನರ ಕಣ್ಣು ಅವರ ಮೇಲಿತ್ತು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ರಾಚವ್ವ ಸೀರೆ ಎತ್ತಿ ಕಟ್ಟಿ, ಕಂಬಳಿಯನ್ನು ನೀರಿಗೆ ಅದ್ದಿ, ಬರೀ ಹಾಸುಗಲ್ಲಿನ ಮೇಲೆ ಹರಡಿ, ತುಳಿಯತೊಡಗಿದಳು. ಕಾಲು ಜಾರುತ್ತಿತ್ತು. ಪಕ್ಕದವಳು ಅವಳ ತೋಳು ಹಿಡಿದುಕೊಂಡಳು.

ಆ ಸಂಜೆ ಅಮಸಿದ್ದ ಮಗ್ಗದ ಗೂಟಗಳನ್ನು ಮತ್ತೆ ಗಟ್ಟಿಯಾಗಿ ಬಡಿದ. ಇಳಿಜಾರಿನ ಬಾಗಿಲಿಗೆ ಆಮೇಲೆ ಬೀಗ ಬೀಳಲಿಲ್ಲ. ಹಾಕು ಎಂದು ಸಮಿತಿಯವರು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಇಸಾಕ ಬೆಳಿಗ್ಗೆ ಅದನ್ನು ತೆರೆದು, ಸೀಟಿಯನ್ನು ಗೂಟಕ್ಕೆ ಸಿಕ್ಕಿಸಿ, ಬೀಡಿ ಹಚ್ಚುತ್ತಿದ್ದ. ಆದರೆ ಹಲಗೆಯನ್ನು ಯಾರೂ ಕೀಳಲಿಲ್ಲ, ಕರಿಕಲ್ಲನ್ನು ಯಾರೂ ಕೆಳಗೆ ಇಳಿಸಿಕೊಡಲಿಲ್ಲ. ರಾಚವ್ವ ಕೇಳಿದಾಗ, ಐತಿಹಾಸಿಕ ವಸ್ತು, ಅಲ್ಲಾಡಿಸಬಾರದು ಎಂದರು. ಗುಮ್ಮಟ ನೋಡಲು ಬಂದ ಪರ ಊರವರು ಬಾಗಕ್ಕೂ ಬಂದು, ಆ ಕಲ್ಲಿನ ಮೇಲೆ ಒಬ್ಬೊಬ್ಬರಾಗಿ ಕೂತು, ಬಾದಶಹನ ಸುಖ ಎಷ್ಟಿತ್ತು ಎಂದು ಅಳೆಯುತ್ತಿದ್ದರು.

ಹೊರೆ ಹೊತ್ತು ಇಳಿಜಾರಿಗೆ ಹೋಗುವಾಗ ರಾಚವ್ವ ದಿನಾಲು ಆ ಕಲ್ಲಿನ ಮುಂದೆ ನಿಲ್ಲುತ್ತಿದ್ದಳು. ಕೂತವರು ಯಾರೇ ಇರಲಿ, ಕೋಟು ತೊಟ್ಟವರಿರಲಿ, ಜರಿ ಸೀರೆಯವರಿರಲಿ, ಒಂದೇ ಮಾತು.

"ಸ್ವಲ್ಪ ಏಳ್ರಿ ಮ್ಯಾಲೆ. ಆ ಗುಳಿ ನಮ್ಮತ್ತಿ ಹಿಮ್ಮಡಿಯಿಂದ ಬಿದ್ದದ್ದು, ಬಾದಶಹಾನ ಕುಂಡಿಯಿಂದಲ್ಲ."